ತಿರುಗದ ಚೆಂಡಿಗೆ 619 ವಿಕೆಟ್

1/8
ಅನಿಲ್ ಕುಂಬ್ಳೆ ಆಡುತ್ತಿದ್ದ ಕಾಲದಲ್ಲಿ ಅವರ ಬಗ್ಗೆ ಒಂದು ಮಾತು ಪದೇ ಪದೇ ಕೇಳಿ ಬರ್ತಿತ್ತು: ಇವರ ಚೆಂಡು ತಿರುಗೋದೇ ಇಲ್ಲ. ಲೆಗ್ ಸ್ಪಿನ್ನರ್ ಅಂತಾರ, ಆದ್ರ ಸ್ಪಿನ್ ಎಲ್ಲೈತಿ?

ಈಗ ಲೆಕ್ಕ ನೋಡ್ರಿ. 132 ಟೆಸ್ಟ್, 619 ವಿಕೆಟ್. ಭಾರತದ ಬೇರೆ ಯಾವ ಬೌಲರೂ ಟೆಸ್ಟ್‌ನಲ್ಲಿ ಅಷ್ಟು ವಿಕೆಟ್ ತಗೊಂಡಿಲ್ಲ.

ಹಂಗಾದ್ರ ಟೆಸ್ಟ್‌ನಲ್ಲಿ ಸ್ಪಿನ್ನರ್‌ಗೆ ವಿಕೆಟ್ ಕೊಡಿಸೋದು ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕರ್ನಾಟಕದ ನಾಲ್ವರು ಸ್ಪಿನ್ನರ್‌ಗಳ ಇತಿಹಾಸ ಸಾಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಬಯಲಿನಲ್ಲಿ ಸ್ಪಿನ್ ಹಾಕಿ ಎರಡು ಸಿಕ್ಸ್ ತಿಂದು ತಲೆ ತಗ್ಗಿಸಿ ನಿಲ್ಲೋರಿಗೆ ಈ ಸರಣಿ. ಅವರ ಕೈಯಿಂದ ಚೆಂಡು ಕಸಗೊಳ್ಳೋ ಕ್ಯಾಪ್ಟನ್‌ಗಳಿಗೂ ಸೇರಿ! 🏏

2/8
ಮೊದಲು ಟೆಸ್ಟ್ ಅಂದ್ರೆ ಏನು ಅನ್ನೋದನ್ನ ಸ್ಪಿನ್ನರ್ ಕಣ್ಣಿನಿಂದ ನೋಡೋಣ.

ನಮ್ಮ ಆರು ಓವರಿನ ಟೆನಿಸ್ ಬಾಲ್ ಮ್ಯಾಚಿನಲ್ಲಿ ಬ್ಯಾಟರ್‌ಗೆ ಅವಸರ ಇರುತ್ತೆ. ಬೀಸಲೇಬೇಕು. ಬೀಸುವಾಗ ಔಟ್ ಆಗ್ತಾನೆ. ಅಂದ್ರೆ ಅರ್ಧ ವಿಕೆಟ್ ಅವನ ಅವಸರವೇ ಕೊಡ್ತು. ಟೆಸ್ಟ್‌ನಲ್ಲಿ ಆ ಅವಸರ ಇಲ್ಲ. ಐದು ದಿನ, ದಿನಕ್ಕೆ 90 ಓವರ್. ಬೇಡ ಅನ್ನಿಸಿದ ಚೆಂಡನ್ನ ಬಿಟ್ಟುಬಿಡಬಹುದು, ಪ್ಯಾಡ್ ಹತ್ತಿರ ಬ್ಯಾಟ್ ಇಟ್ಟು ತಡೀಬಹುದು, ಇಡೀ ಒಂದು ಗಂಟೆ ಹಂಗೇ ಕಳೀಬಹುದು. ಅಲ್ಲಿ ವಿಕೆಟ್ ತಾನಾಗಿ ಬೀಳೂದಿಲ್ಲ. ಬೌಲರ್ ಅದನ್ನ ಕಟ್ಟಬೇಕು.

ಕಟ್ಟೋದು ಹೇಗೆ? ಚೆಂಡು ಬೌಲರ್ ಕೈ ಬಿಟ್ಟ ಮೇಲೆ ಬ್ಯಾಟರ್ ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಒಂದು ತೀರ್ಮಾನ ಮಾಡ್ಬೇಕು: ಕಾಲು ಮುಂದೆ ಇಡ್ಲೋ, ಹಿಂದೆ ಇಡ್ಲೋ? ಆ ತೀರ್ಮಾನ ಸರಿ ಇದ್ರೆ ಎಷ್ಟೇ ತಿರುಗೋ ಚೆಂಡನ್ನೂ ಆಡಬಹುದು. ತಪ್ಪಿದ್ರೆ ನೇರ ಬಂದ ಚೆಂಡೂ ಔಟ್ ಮಾಡುತ್ತೆ. ಟೆಸ್ಟ್‌ನ ದೊಡ್ಡ ಸ್ಪಿನ್ನರ್‌ಗಳೆಲ್ಲ ಬ್ಯಾಟರ್‌ನ ಕಾಲಿನ ಮೇಲೆ ಕಣ್ಣಿಟ್ಟವರೇ. ಆದ್ರೆ ಒಬ್ಬೊಬ್ಬರ ದಾರಿ ಬೇರೆ ಬೇರೆ.

3/8
ಮೊದಲ ದಾರಿ: ಗಾಳಿ. ಹೆಸರು: ಎರಪಳ್ಳಿ ಪ್ರಸನ್ನ.

1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆಫ್ ಸ್ಪಿನ್ನರ್. 1962ರಲ್ಲಿ ಟೆಸ್ಟ್‌ಗೆ ಬಂದರು. ಎರಡು ಟೆಸ್ಟ್ ಆಡಿ, ಇಂಜಿನಿಯರಿಂಗ್ ಓದು ಮುಗಿಸೋಕೆ ಅಂತ ದೂರ ಉಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ನಡುವೆ ಐದು ವರ್ಷ! ಈಗಿನ ಕಾಲದಲ್ಲಿ ಐದು ವರ್ಷ ಕಾಣದಿದ್ರೆ ಜನ ಹೆಸರನ್ನೇ ಮರೀತಾರೆ. ಪ್ರಸನ್ನ ಬಂದು 1967-68ರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದ ಎಂಟು ಟೆಸ್ಟ್‌ಗಳಲ್ಲಿ 49 ವಿಕೆಟ್ ತಗೊಂಡರು. ಭಾರತ ವಿದೇಶದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿದ್ದು, ಸರಣಿ ಗೆದ್ದಿದ್ದು ಆ ನ್ಯೂಜಿಲೆಂಡ್ ಪ್ರವಾಸದಲ್ಲೇ.

ಅವರ ಗುಟ್ಟು ಚೆಂಡು ನೆಲಕ್ಕೆ ಬೀಳೋ ಮೊದಲೇ ಕೆಲಸ ಮಾಡ್ತಿತ್ತು. ಚೆಂಡು ಮುಂದಕ್ಕೆ ಉರುಳೋ ಹಂಗೆ ತಿರುಗ್ತಾ ಗಾಳಿಯಲ್ಲಿ ಹೋದ್ರೆ ಗಾಳಿ ಅದನ್ನ ಕೆಳಗೆ ಒತ್ತುತ್ತೆ. ಭೌತಶಾಸ್ತ್ರದಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಅಂತಾರೆ. ಬ್ಯಾಟರ್ ಕಣ್ಣಿಗೆ ಚೆಂಡು ಮೇಲೆದ್ದು ಹತ್ತಿರ ಬೀಳೋ ಥರ ಕಾಣುತ್ತೆ. ಅವನು ಹೊಡೆಯೋಕೆ ಮುಂದೆ ಬರ್ತಾನೆ. ಕೊನೆ ಗಳಿಗೆಯಲ್ಲಿ ಚೆಂಡು ಅವನ ಲೆಕ್ಕಕ್ಕಿಂತ ಒಂದು ಗೇಣು ಹಿಂದೇ ಬೀಳುತ್ತೆ. ಬ್ಯಾಟಿಗೆ ಚೆಂಡು ಪೂರ್ತಿ ಸಿಗೂದಿಲ್ಲ, ಕಾಲು ವಾಪಸ್ ತಗೊಳ್ಳೋಕೆ ಸಮಯ ಇಲ್ಲ.

ಲೈನ್ ಸ್ವಲ್ಪ ಆಚೀಚೆ ಆದ್ರೂ ನಡೀತದ, ಲೆಂಗ್ತ್ ಮಾತ್ರ ತಪ್ಪಬಾರದು ಅನ್ನೋ ಪಾಠ ಅವರ ಹೆಸರಿಗೇ ಅಂಟಿಕೊಂಡಿದೆ. 49 ಟೆಸ್ಟ್, 189 ವಿಕೆಟ್.

4/8
ಎರಡನೇ ದಾರಿ: ವೇಗ. ಹೆಸರು: ಬಿ.ಎಸ್. ಚಂದ್ರಶೇಖರ್.

ಮೈಸೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಬಲಗೈ ಸೊರಗಿತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನ ಎಡಗೈಯಿಂದ ಎಸೀತಿದ್ರು. ಆದ್ರೆ ಬೌಲಿಂಗ್ ಹಾಕ್ತಿದ್ದದ್ದು ಅದೇ ಸೊರಗಿದ ಬಲಗೈಯಿಂದ! ಉದ್ದದ ರನ್ನಪ್, ಮಧ್ಯಮ ವೇಗದ ಬೌಲರ್ ಹತ್ತಿರ ಹತ್ತಿರದ ವೇಗ, ಅದರಲ್ಲೇ ಲೆಗ್ ಬ್ರೇಕ್, ಗೂಗ್ಲಿ. ಪ್ರಸನ್ನ ಬ್ಯಾಟರ್‌ಗೆ ಯೋಚಿಸೋಕೆ ಸಮಯ ಕೊಟ್ಟು ತಪ್ಪು ಯೋಚನೆ ಮಾಡಿಸ್ತಿದ್ರು. ಚಂದ್ರ ಯೋಚಿಸೋಕೆ ಸಮಯವನ್ನೇ ಕೊಡ್ತಿರಲಿಲ್ಲ.

1971, ಲಂಡನ್ನಿನ ಓವಲ್. ಇಂಗ್ಲೆಂಡ್ ನೆಲದಲ್ಲಿ ಭಾರತ ಅಲ್ಲಿಯವರೆಗೆ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 355, ಭಾರತ 284. 71 ರನ್ ಹಿನ್ನಡೆ. ಆಮೇಲೆ ಚಂದ್ರ 38 ರನ್ನಿಗೆ 6 ವಿಕೆಟ್ ತಗೊಂಡರು, ಇಂಗ್ಲೆಂಡ್ 101ಕ್ಕೆ ಆಲೌಟ್. ಆಗಸ್ಟ್ 24ರಂದು ಭಾರತ 4 ವಿಕೆಟ್‌ಗಳಿಂದ ಗೆದ್ದಿತು, ಸರಣಿಯೂ ನಮ್ಮದಾಯ್ತು. ಇದರಲ್ಲಿ ನೆನಪಿಡಬೇಕಾದ ವಿಷಯ ಇನ್ನೊಂದಿದೆ: ಆ ಸರಣಿಗೆ ಮೊದಲು ಚಂದ್ರ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಟೆಸ್ಟ್ ತಂಡದಿಂದ ಹೊರಗಿದ್ದರು.

58 ಟೆಸ್ಟ್, 242 ವಿಕೆಟ್. ಬ್ಯಾಟಿಂಗ್‌ನಲ್ಲಿ ಇಡೀ ಟೆಸ್ಟ್ ಜೀವನದ ರನ್ 167. ಹೌದ್ರಿ, ರನ್ನಿಗಿಂತ ವಿಕೆಟ್ಟೇ ಜಾಸ್ತಿ 😄

5/8
ಮೂರನೇ ದಾರಿ: ಬೌನ್ಸ್ ಮತ್ತು ಹಟ. ಮತ್ತೆ ಕುಂಬ್ಳೆ ಹತ್ತಿರ ಬಂದ್ವಿ.

ಅವರು ಎತ್ತರದ ಮನುಷ್ಯ, ಚೆಂಡು ಬಿಡ್ತಿದ್ದದ್ದು ತಲೆ ಮೇಲಿಂದ, ವೇಗವಾಗಿ. ಚೆಂಡು ಹೆಚ್ಚು ತಿರುಗದಿದ್ರೂ ಪಿಚ್‌ನಿಂದ ಪುಟಿದು ಮೇಲೇಳ್ತಿತ್ತು. ಇನ್ನೊಂದು ಚೆಂಡು, ಅದೇ ಕೈಚಳಕದ ಥರ ಕಾಣೋ ಫ್ಲಿಪ್ಪರ್, ಜಾರಿ ಕೆಳಗೆ ಬರ್ತಿತ್ತು. ಬಲಕ್ಕೋ ಎಡಕ್ಕೋ ಅನ್ನೋದು ಬ್ಯಾಟರ್‌ನ ಪ್ರಶ್ನೆ ಆಗಿರಲಿಲ್ಲ. ಮೇಲೋ ಕೆಳಗೋ ಅನ್ನೋದು ಪ್ರಶ್ನೆ. ಎರಡೂ ಸ್ಟಂಪ್ ಮೇಲೇ ಬರ್ತಿದ್ವು, ಬಿಡೋಹಂಗೂ ಇಲ್ಲ.

1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಶಾ ಕೋಟ್ಲಾ. ಪಾಕಿಸ್ತಾನಕ್ಕೆ ಗುರಿ 420. ಆರಂಭದ ಜೋಡಿಯೇ 101 ರನ್ ಕೂಡಿಸಿತು. ಊಟದ ವಿರಾಮದ ತನಕ ಕುಂಬ್ಳೆಗೆ ಒಂದು ವಿಕೆಟ್ಟೂ ಇಲ್ಲ. ವಿರಾಮದ ನಂತರ ಅವರು ಬೌಲಿಂಗ್ ಹಾಕೋ ತುದಿ ಬದಲಾಯ್ತು, ಪೆವಿಲಿಯನ್ ಎಂಡ್. 101ಕ್ಕೆ ಸೊನ್ನೆ ಇದ್ದದ್ದು 128ಕ್ಕೆ ಆರು ಆಯ್ತು. ಕೊನೆಗೆ 207ಕ್ಕೆ ಆಲೌಟ್, 26.3 ಓವರ್‌ಗಳಲ್ಲಿ 74 ರನ್ನಿಗೆ 10 ವಿಕೆಟ್. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಮಾಡಿದ್ದನ್ನ ಟೆಸ್ಟ್ ಇತಿಹಾಸದಲ್ಲಿ ಎರಡನೇ ಸಲ ಮಾಡಿದವರು ಕುಂಬ್ಳೆ.

ಎಲ್ಲರೂ ಹತ್ತು ವಿಕೆಟ್ ನೆನಪಿಡ್ತಾರೆ. ನೀವು ಊಟಕ್ಕೆ ಮೊದಲಿನ ಓವರ್‌ಗಳನ್ನೂ ನೆನಪಿಡ್ರಿ. ವಿಕೆಟ್ ಇಲ್ಲದ ಓವರ್‌ಗಳು. ಅವರ ಆಟದ ಅಸಲಿ ಶಕ್ತಿ ಅಲ್ಲೈತಿ. ಟೆಸ್ಟ್ ಜೀವನದಲ್ಲಿ ಅವರು ಹಾಕಿದ ಚೆಂಡುಗಳು 40,850. ಅವುಗಳಲ್ಲಿ ಬಹುಪಾಲು ಚೆಂಡುಗಳಿಗೆ ಏನೂ ಸಿಕ್ಕಿಲ್ಲ. ಅಂದಾಜು 66 ಚೆಂಡಿಗೆ ಒಂದು ವಿಕೆಟ್, ಅಂದ್ರೆ ಹನ್ನೊಂದು ಓವರಿಗೆ ಒಂದು. ಇಷ್ಟೇ ಲೆಕ್ಕ ಇಟ್ಟುಕೊಂಡೇ ಅವರು ದೇಶದಲ್ಲಿ ಎಲ್ಲರಿಗಿಂತ ಮುಂದಿದ್ದಾರೆ.

6/8
ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಪಿನ್ನರ್ ಒಬ್ಬನೇ ವಿಕೆಟ್ ತಗೊಳ್ಳೋದಿಲ್ಲ.

ಒಂದು, ಪಿಚ್. ಸವಣೂರು ಕಡೆಯ ಎರಿ ಹೊಲ ಬ್ಯಾಸಗಿಯಲ್ಲಿ ಹೆಂಗೆ ಬಿರುಕು ಬಿಡುತ್ತೆ ನೋಡಿದ್ದೀರಲ್ಲ? ಟೆಸ್ಟ್ ಪಿಚ್ ಕೂಡ ಜೇಡಿಮಣ್ಣಿನದೇ. ದಿನ ಕಳೆದಂತೆ ನೀರಿನಂಶ ಆರಿ ಸೀಳುತ್ತೆ. ವೇಗದ ಬೌಲರ್‌ಗಳ ಬೂಟು ತುಳಿದ ಜಾಗ ಒರಟಾಗುತ್ತೆ. ನಾಲ್ಕು, ಐದನೇ ದಿನ ಸ್ಪಿನ್ನರ್ ಹುಡುಕೋದು ಆ ಜಾಗವನ್ನೇ.

ಎರಡು, ಹತ್ತಿರ ನಿಲ್ಲೋ ಫೀಲ್ಡರ್. ಓವಲ್‌ನಲ್ಲಿ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದವರು ಏಕನಾಥ್ ಸೋಲ್ಕರ್. ಹೆಲ್ಮೆಟ್ ಇಲ್ಲದ ಕಾಲ ಅದು. ಅವರು ಅಷ್ಟು ಹತ್ತಿರ ನಿಲ್ಲದಿದ್ರೆ ಬ್ಯಾಟಿಗೋ ಗ್ಲೌಸ್‌ಗೋ ತಾಗಿದ ಚೆಂಡು ಸುಮ್ಮನೆ ನೆಲಕ್ಕೆ ಬೀಳ್ತಿತ್ತು.

ಮೂರು, ಇನ್ನೊಂದು ತುದಿಯ ಬೌಲರ್. ಆ ಕಡೆ ರನ್ ಸಲೀಸಾಗಿ ಬಂದ್ರೆ ಈ ಕಡೆಯ ಒತ್ತಡ ಸೋರಿಹೋಗುತ್ತೆ. ಕೋಟ್ಲಾದಲ್ಲಿ ಒಂಬತ್ತು ವಿಕೆಟ್ ಬಿದ್ದ ಮೇಲೆ ಮೈಸೂರಿನ ಜಾವಗಲ್ ಶ್ರೀನಾಥ್, ಗೆಳೆಯನ ಹತ್ತನೇ ವಿಕೆಟ್ ತಪ್ಪದಿರಲಿ ಅಂತ ಸ್ಟಂಪ್‌ನಿಂದ ದೂರ ದೂರ ಹಾಕಿದರು. ತನ್ನ ವಿಕೆಟ್ ಆಸೆ ಬಿಟ್ಟು ಹಾಕಿದ ಓವರ್ ಅದು. ಅಂಕಿಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

7/8
ನಾಲ್ಕನೆಯವರು ನಮ್ಮವರು. ಸುನಿಲ್ ಜೋಶಿ, ಗದಗ. ಎಡಗೈ ಸ್ಪಿನ್ನರ್.

"ಗದಗ ಬೇರೆ ಜಿಲ್ಲೆ ಅಲ್ಲೇನು?" ಅಂತೀರಿ. ಈಗ ಬೇರೆ. ಹಾವೇರಿ, ಗದಗ ಎರಡೂ ಹೊಸ ಜಿಲ್ಲೆ ಆಗಿದ್ದು 1997ರಲ್ಲಿ. ಜೋಶಿ ಮೊದಲ ಟೆಸ್ಟ್ ಆಡಿದ್ದು 1996ರ ಜೂನ್ 6ರಂದು, ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ. ಅವತ್ತು ಅವರ ಹುಟ್ಟಿದ ದಿನವೂ ಹೌದು. ಅಂದ್ರೆ ಆ ದಿನ ಗದಗವೂ ಹಾನಗಲ್ಲೂ ಹಿರೇಕೆರೂರೂ ಒಂದೇ ಧಾರವಾಡ ಜಿಲ್ಲೆ.

ಹುಡುಗನಿದ್ದಾಗ ಅವರು ಬೆಳಿಗ್ಗೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಬರ್ತಿದ್ರಂತೆ. 1995-96ರ ರಣಜಿಯಲ್ಲಿ ಒಂದೇ ಋತುವಿನಲ್ಲಿ 500ಕ್ಕಿಂತ ಹೆಚ್ಚು ರನ್, 50ಕ್ಕಿಂತ ಹೆಚ್ಚು ವಿಕೆಟ್. ಆ ವರ್ಷ ಕರ್ನಾಟಕವೇ ರಣಜಿ ಗೆದ್ದಿತು. 1999ರಲ್ಲಿ ನೈರೋಬಿಯ ಒಂದು ದಿನದ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇನ್ನೊಂದು ಸಲ ಓದ್ರಿ: ಹತ್ತು ಓವರಿಗೆ ಆರು ರನ್! 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಪಂದ್ಯಶ್ರೇಷ್ಠ ಆದವರು ಜೋಶಿ. ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್, ಬ್ಯಾಟಿಂಗ್‌ನಲ್ಲಿ 92.

ಅವರ ಹತ್ತಿರ ಚಂದ್ರನ ಬೆರಗಿನ ವೇಗ ಇರಲಿಲ್ಲ, ಕುಂಬ್ಳೆಯ ಬೌನ್ಸ್ ಇರಲಿಲ್ಲ. ಇದ್ದದ್ದು ಹಾಕಿದ ಜಾಗಕ್ಕೇ ಮತ್ತೆ ಹಾಕೋ ಶಿಸ್ತು. ಟೆಸ್ಟ್ ಸಿಕ್ಕಿದ್ದು 15 ಮಾತ್ರ, ವಿಕೆಟ್ 41. ಆದ್ರೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 615. ಎಲ್ಲರಿಗೂ ದೊಡ್ಡ ವೇದಿಕೆ ಸಿಗೂದಿಲ್ಲ. ಸಿಗದಿದ್ರೂ ಆಟ ಚಲೋ ಆಡಬಹುದು ಅನ್ನೋದಕ್ಕೆ ಈ ಅಂಕಿ ಸಾಕ್ಷಿ.

8/8
ಈಗ ನಿಮ್ಮ ಬಯಲಿಗೆ ಬರೋಣ.

ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ಹೈವೇ ಮೇಲೇ ಇದೆ. ಹಿರೇಕೆರೂರಿನವರಿಗೆ ಅದೇ ಹುಬ್ಬಳ್ಳಿ ಬಹಳ ದೂರ. ಎಲ್ಲರಿಗೂ ಲೆದರ್ ಬಾಲ್, ನೆಟ್ಸ್, ಕೋಚ್ ಸಿಗೂದಿಲ್ಲ, ಅದು ನಿಜ. ಆದ್ರೆ ಲೆಂಗ್ತ್‌ಗೆ ದುಡ್ಡು ಬೇಕಿಲ್ಲ. ನೆಲದ ಮೇಲೆ ಒಂದು ಟವೆಲ್ ಹಾಸ್ರಿ. ಬ್ಯಾಟರ್ ಮುಂದೆ ಬರ್ಲೋ ಹಿಂದೆ ಹೋಗ್ಲೋ ಅಂತ ತಡವರಿಸೋ ಜಾಗ ಅದು. ದಿನಕ್ಕೆ ನೂರು ಚೆಂಡು ಅದರ ಮೇಲೆ ಬೀಳಿಸೋಕೆ ನೋಡ್ರಿ. ಆಮೇಲೆ ಕೈ ಬದಲಿಸದೆ ವೇಗ ಮಾತ್ರ ಬದಲಿಸ್ರಿ. ತಿರುಗಿಸೋ ಆಸೆ ಇರಲಿ, ಆದ್ರೆ ಅದು ಕಾಲಿನ ಲೆಕ್ಕ ತಪ್ಪಿಸೋ ಸಾಧನ ಅಷ್ಟೇ ಅನ್ನೋದು ನೆನಪಿರಲಿ.

ಬ್ಯಾಟರ್ ಸಿಕ್ಸ್ ಹೊಡೆದ್ರೆ ಅವನ ಕಾಲು ನೋಡ್ರಿ. ಮುಂದೆ ಬಂದು ಹೊಡೆದ್ನಾ? ಹಂಗಿದ್ರೆ ಮುಂದಿನ ಚೆಂಡು ಒಂದು ಗೇಣು ಹಿಂದೆ ಬೀಳಲಿ. ಸಿಕ್ಸ್ ಅನ್ನೋದು ಅವಮಾನ ಅಲ್ಲ, ಮಾಹಿತಿ.

ಕ್ಯಾಪ್ಟನ್‌ಗಳೇ, ನಿಮಗೂ ಒಂದು ಮಾತು. ಕೋಟ್ಲಾದಲ್ಲಿ ವಿಕೆಟ್ ಬರಲಿಲ್ಲ ಅಂತ ಊಟದ ನಂತರ ಕುಂಬ್ಳೆ ಕೈಗೆ ಚೆಂಡು ಕೊಡದೇ ಇದ್ದಿದ್ರೆ? 1971ರಲ್ಲಿ, ಮೂರು ವರ್ಷದಿಂದ ಟೆಸ್ಟ್ ಆಡಿಲ್ಲ ಅಂತ ಚಂದ್ರನನ್ನ ಮನೆಯಲ್ಲೇ ಬಿಟ್ಟಿದ್ರೆ? ಎರಡು ಸಿಕ್ಸ್‌ಗೆ ನೀವು ಚೆಂಡು ಕಸಗೊಂಡ್ರೆ ನಿಮ್ಮ ಊರಿನ ಹುಡುಗ ನಾಳೆಯಿಂದ ಸ್ಪಿನ್ ಬಿಟ್ಟು ಜೋರಾಗಿ ಎಸೆಯೋಕೆ ಶುರು ಮಾಡ್ತಾನೆ. ಹುಡುಗಿಯರ ಟೀಮಿಗೂ ಇದೇ ಮಾತು.

ಪ್ರಸನ್ನ ತಮ್ಮ ಆತ್ಮಕಥೆಗೆ ಇಟ್ಟ ಹೆಸರು "ಒನ್ ಮೋರ್ ಓವರ್". ಇನ್ನೊಂದು ಓವರ್. ಸ್ಪಿನ್ನರ್ ಕೇಳೋದೂ ಇಷ್ಟೇ, ಕೊಡ್ರಿ.

ನಿಮ್ಮ ಟೀಮಿನ ಸ್ಪಿನ್ನರ್‌ನ ಇಲ್ಲಿ ಟ್ಯಾಗ್ ಮಾಡ್ರಿ. ಅವರು ಹಾಕೋ ದಾರಿ ಗಾಳಿನಾ, ವೇಗನಾ, ಬೌನ್ಸಾ, ಶಿಸ್ತಾ? ಕಾಮೆಂಟ್‌ನಲ್ಲಿ ಬರೀರಿ 👇

#ಸ್ಪಿನ್ #ಟೆಸ್ಟ್‌ಕ್ರಿಕೆಟ್ #ಪ್ರಸನ್ನ #ಚಂದ್ರ #ಕುಂಬ್ಳೆ #ಸುನಿಲ್‌ಜೋಶಿ #ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು