ಗಡಿನಾಡಿನ ರಂಗವೇಷ: ಕಂಪನಿ ನಾಟಕದ ಉಡುಗೆಯ ಚರಿತ್ರೆಗೊಂದು ಪ್ರವೇಶ

ನಿಪ್ಪಾಣಿ ತಾಲೂಕಿನ ಕೊಗನೊಳ್ಳಿ ದಾಟಿದ ಹೆದ್ದಾರಿ ಮಹಾರಾಷ್ಟ್ರದ ಕಾಗಲಿನ ಮೂಲಕ ಕೊಲ್ಹಾಪುರಕ್ಕೆ ಸಾಗುತ್ತದೆ. ಕನ್ನಡ, ಮರಾಠಿ ಎರಡೂ ಆಡುವ ಈ ಸೀಮೆಯ ರಂಗಚರಿತ್ರೆಯನ್ನು ಹೆಚ್ಚಾಗಿ ಸಾಹಿತ್ಯ, ಸಂಗೀತಗಳ ನೆಲೆಯಿಂದಲೇ ಬರೆಯಲಾಗಿದೆ. ವೇಷಭೂಷಣವನ್ನು ಮುಂದಿಟ್ಟುಕೊಂಡರೆ ಎರಡು ಧಾರೆಗಳು ಕಾಣುತ್ತವೆ: ಮೈಯ ಆಕಾರವನ್ನೇ ಬದಲಿಸುವ ವೇಷ ಒಂದು, ಬಟ್ಟೆಯ ಬೆಡಗನ್ನೇ ನೆಚ್ಚುವ ಉಡುಗೆ ಇನ್ನೊಂದು. ಎರಡರಲ್ಲೂ ಕಲಾವಿದರು ದಿನಬಳಕೆಯ ಬಾಳಿನಲ್ಲಿ ಸಿಗದ ರೂಪವೊಂದನ್ನು ತಮ್ಮದಾಗಿಸಿಕೊಂಡರು.

ಮೊದಲ ಧಾರೆ ಬಯಲಾಟದ್ದು. ಕಿರೀಟ, ಭುಜಕೀರ್ತಿ, ಎದೆಹಾರ ಸೇರಿದಾಗ ದೊಡ್ಡಾಟದ ನಟ ಮನುಷ್ಯಪ್ರಮಾಣವನ್ನು ಮೀರುತ್ತಾನೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಮುಖದ ಗೆರೆಗಳನ್ನೇ ಅಳಿಸಿ ಹೊಸ ಮುಖವನ್ನು ಕಟ್ಟುತ್ತದೆ. 1842ರಲ್ಲಿ ಕರ್ನಾಟಕದ ಆಟದ ಮೇಳವೊಂದು ಸಾಂಗ್ಲಿಯ ಸಂಸ್ಥಾನಿಕರೆದುರು ಪ್ರದರ್ಶನ ನೀಡಿತು. ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆ ಮರುವರ್ಷ 'ಸೀತಾಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಇಲ್ಲಿಂದಲೇ ಎಣಿಸುತ್ತಾರೆ.

ಎರಡನೆಯ ಧಾರೆ ಸಂಗೀತ ನಾಟಕದ್ದು. 1880ರಲ್ಲಿ 'ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿದ ನಾರಾಯಣರಾವ್ ರಾಜಹಂಸರು ಬಾಲಗಂಧರ್ವರೆಂದು ಹೆಸರಾಗಿ, 1913ರಲ್ಲಿ ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಸ್ತ್ರೀಪಾತ್ರಗಳಲ್ಲಿ ಅವರು ಉಡುತ್ತಿದ್ದ ಬೆಲೆಬಾಳುವ ಸೀರೆ, ತೊಡುತ್ತಿದ್ದ ಒಡವೆ, ಮುಡಿಯುತ್ತಿದ್ದ ಹೂವನ್ನು ಅನುಕೂಲಸ್ಥ ಮನೆತನಗಳ ಹೆಣ್ಣುಮಕ್ಕಳು ಅನುಕರಿಸಿದರು. ಎದುರಿಗಿರುವವರು ಗಂಡಸೆಂಬುದು ಪ್ರೇಕ್ಷಕರಿಗೆ ಗೊತ್ತಿತ್ತು. ಆ ಅರಿವೇ ಉಡುಗೆಯ ಕುಶಲತೆಯನ್ನು ಸವಿಯಲು ನೆರವಾಯಿತು. ಅವರ ಕಲೆ ರೇಷ್ಮೆಗಷ್ಟೇ ಸೀಮಿತವಾಗಿರಲಿಲ್ಲ. 1919ರ 'ಏಕಚ್ ಪ್ಯಾಲಾ'ದಲ್ಲಿ ಕುಡುಕನ ಹೆಂಡತಿ ಸಿಂಧುವಿನ ಬಡತನವೂ ಅವರ ಪಾಲಿಗೆ ಬಂತು.

ಈ ಅಭಿವ್ಯಕ್ತಿಗೆ ಮಿತಿಯೂ ಇತ್ತು. ಹೆಣ್ಣಿನ ಚೆಲುವು ಹೇಗಿರಬೇಕೆಂದು ಗಂಡಸು ತೀರ್ಮಾನಿಸಿ, ಅದನ್ನು ಹೆಣ್ಣಿಗೇ ಮಾದರಿಯಾಗಿ ಒಪ್ಪಿಸುತ್ತಿದ್ದ. ಹಾಗಾಗಿ ಬೆಳಗಾವಿ ಸೀಮೆಯ ಜನಪದ ಆಟ 'ಶ್ರೀಕೃಷ್ಣ ಪಾರಿಜಾತ'ದಲ್ಲಿ ಕೌಜಲಗಿ ನಿಂಗಮ್ಮ ಗೆಜ್ಜೆ ಕಟ್ಟಿದ್ದು ನಟಿಯೊಬ್ಬಳ ಸೇರ್ಪಡೆಗಿಂತ ದೊಡ್ಡ ಸಂಗತಿ. ಗಂಡಸರು ರೂಪಿಸಿದ್ದ ವೇಷದ ಮೇಲೆ ಹೆಣ್ಣು ತನ್ನ ಹಕ್ಕನ್ನು ಸ್ಥಾಪಿಸಿದಳು. ಎಳವೆಯಲ್ಲಿ ಸ್ತ್ರೀಪಾತ್ರ ಮಾಡಿದ ಏಣಗಿ ಬಾಳಪ್ಪನವರು (1914–2017) ಮುಂದೆ ನಟಿಯರೊಡನೆ ಕಂಪನಿ ನಡೆಸಿದರು. ಒಂದೇ ಬಾಳಿನಲ್ಲಿ ಎರಡೂ ಕಾಲಗಳನ್ನು ಕಂಡವರು ಅವರು.

ಮೈಯ ಆಕಾರ ಬದಲಿಸುವ ಮೊದಲ ಧಾರೆಗೆ ಹೊರನಾಡುಗಳಲ್ಲೂ ಹೋಲಿಕೆಗಳಿವೆ. ಯುರೋಪಿನಲ್ಲಿ ಕಲಾವಿದ ಆಸ್ಕರ್ ಶ್ಲೆಮ್ಮರ್ 1922ರ 'ಟ್ರಯಾಡಿಕ್ ಬ್ಯಾಲೆ'ಯಲ್ಲಿ ನರ್ತಕರ ಮೈಯನ್ನು ಗೋಳ, ಶಂಕುಗಳಾಗಿಸಿದರು. ಜಪಾನಿನ ವಸ್ತ್ರವಿನ್ಯಾಸಕಿ ರೇಯ್ ಕವಾಕುಬೊ 1997ರ ಸಂಗ್ರಹದಲ್ಲಿ ಉಡುಪಿನೊಳಗೆ ಮೆತ್ತೆಗಳನ್ನಿಟ್ಟು ಬೆನ್ನು, ಸೊಂಟಗಳ ಪರಿಚಿತ ಆಕಾರವನ್ನು ಕೆಡಿಸಿದರು. ಇವುಗಳನ್ನು ಆಧುನಿಕ ಪ್ರಯೋಗಗಳೆಂದು ಮೆಚ್ಚುವ ನಾವು ಭುಜಕೀರ್ತಿಯನ್ನು ಬರಿಯ ಸಂಪ್ರದಾಯವೆಂದು ಬದಿಗಿಡುವುದು ಸರಿಯಲ್ಲ. ಎರಡರ ಹಿಂದಿರುವ ಪ್ರಶ್ನೆ ಒಂದೇ: ಮೈ ಹುಟ್ಟಿದ ಹಾಗೆಯೇ ಏಕೆ ಕಾಣಬೇಕು? ವ್ಯತ್ಯಾಸವಿರುವುದು ಕರ್ತೃತ್ವದಲ್ಲಿ. ಅಲ್ಲಿ ವಿನ್ಯಾಸಕರ ಹೆಸರು ಉಡುಪಿನೊಂದಿಗೇ ಸಾಗುತ್ತದೆ. ಇಲ್ಲಿ ಕಿರೀಟ ಕೊರೆದ ಬಡಿಗ, ಜರಿ ಹೊಲಿದ ಸಿಂಪಿಗ ಚರಿತ್ರೆಯ ಹೊರಗೇ ಉಳಿದರು.

ಗಂಧರ್ವ ಮಂಡಳಿ ರಂಗವೈಭವಕ್ಕೆ ಸುರಿದ ಹಣ ಅದನ್ನು ಸಾಲಕ್ಕೆ ದೂಡಿತು. ಇದನ್ನು ವ್ಯವಹಾರದ ಸೋಲೆಂದಷ್ಟೇ ಬರೆದರೆ ಸಾಲದು. ಲಾಭದ ಲೆಕ್ಕ ಬೇಡವೆಂದಾಗಲೂ ಉಡುಗೆಯ ವೆಚ್ಚಕ್ಕೆ ಕತ್ತರಿ ಬೀಳಲಿಲ್ಲವೆಂದರೆ, ಆ ಕಲಾವಿದರಿಗೆ ಅದು ಹಾಡಿನಷ್ಟೇ ಮುಖ್ಯವಾಗಿತ್ತು.