ಬಯಲಾಟದ ಸಾರಥಿ ಮತ್ತು ಚಿತ್ರದ ಹೆಸರುಪಟ್ಟಿ
ಹಳೆಯ ಮೈಸೂರು ಸೀಮೆಯ ಮೂಡಲಪಾಯ ಬಯಲಾಟದಲ್ಲಿ ಗಣಪತಿ ಸ್ತುತಿಯಾದ ಮೇಲೆ, ರಂಗಕ್ಕೆ ಬಂದ ಪಾತ್ರದ ಹೆಸರು, ಊರುಗಳನ್ನು ಸಾರಥಿಯು ವಿಚಾರಿಸುತ್ತಾನೆ. ನೋಡುಗನು ಕಥೆಯೊಳಗೆ ಕಾಲಿಡುವುದು ಈ ಪ್ರಶ್ನೋತ್ತರದಲ್ಲಿಯೇ. 1934ರ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರಕ್ಕೆ ರಂಗಭೂಮಿಯ ನಟರು ಬಂದರು, ಸಾರಥಿ ಬರಲಿಲ್ಲ. ಅವನ ಸ್ಥಾನ ಹೆಸರುಪಟ್ಟಿಗೆ ಸಂದಿತು. ಆದರೆ ಪಟ್ಟಿಯು ಹೇಳುವುದು ಕಲಾವಿದರ ಹೆಸರನ್ನು, ಪಾತ್ರದ ಊರನ್ನಲ್ಲ. ಆ ಕೆಲಸವನ್ನು ಅಕ್ಷರಗಳ ಹಿಂದಿನ ಚಿತ್ರ, ಸಂಗೀತಗಳೇ ಮಾಡಬೇಕು. ಹೆಚ್ಚಿನ ಚಿತ್ರಗಳಲ್ಲಿ ಅವು ಬರಿಯ ಅಲಂಕಾರವಾಗಿ ಉಳಿದಿವೆ. ಕಿರುತೆರೆಯದಾದರೂ, ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಇಲ್ಲಿ ಉತ್ತಮ ನಿದರ್ಶನ: ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳೂ ಎಲ್. ವೈದ್ಯನಾಥನ್ ಅವರ ಸ್ವರಗಳೂ ಯಾವ ಪಾತ್ರವೂ ಬಾಯಿ ತೆರೆಯುವ ಮೊದಲೇ ಊರನ್ನು ಕಟ್ಟಿಬಿಡುತ್ತವೆ. ರಾಜಾಜಿನಗರದ ‘ನವರಂಗ್’ ಚಿತ್ರಮಂದಿರದ ಹೆಸರು, ಗರ್ಭಗುಡಿಗೆ ಮುನ್ನ ಹಾಯಬೇಕಾದ ದೇಗುಲದ ನವರಂಗವನ್ನು ನೆನಪಿಸುತ್ತದೆ. ಹೆಸರುಗಳು ಓಡುವಾಗ ಕತ್ತಲಲ್ಲಿ ಆಸನ ತಡಕುವ ಪ್ರೇಕ್ಷಕನಿಗೂ ಮೊದಲು ದಕ್ಕುವುದು ಸಂಗೀತವೇ.