ಗೇಟಿನ ಬೋರ್ಡು

ಮೈಸೂರಿನ ಹೆಬ್ಬಾಳದ ನಮ್ಮ ಮನೆಯಲ್ಲಿ ಎರಡು ಕಾಲದ ಕೆಲಸಗಾರರಿದ್ದಾರೆ. ಅಪ್ಪ ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಂಗಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಳೆ. ಒಂದು ರಾತ್ರಿ ಅವಳು ಫೋನಿನಲ್ಲಿ ಮ್ಯಾನೇಜರನ್ನು ಹೆಸರು ಹಿಡಿದು ಕರೆದದ್ದು ಅಪ್ಪನ ಕಿವಿಗೆ ಬಿತ್ತು.

"ಏನಮ್ಮ, ದೊಡ್ಡೋರನ್ನ ಹಾಗೆ ಕರೀತಾರಾ?"

"ಸರ್ ಅನ್ನಬೇಡಿ ಅಂತ ಅವರೇ ಹೇಳ್ತಾರಪ್ಪ."

"ಅದು ಸರಿ, ರಾತ್ರಿ ಹತ್ತು ಗಂಟೇಲಿ ಇದೇನು ಕೆಲಸ?"

ಅದಕ್ಕೆ ಅವಳು ಉತ್ತರಿಸಲಿಲ್ಲ.

ತಲೆಮಾರುಗಳ ಅಂತರ ಎಂದಾಗ ನಾವು ಸಾಮಾನ್ಯವಾಗಿ ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತೇವೆ. ಕಾರ್ಮಿಕ ಚರಿತ್ರೆಯ ವಿದ್ಯಾರ್ಥಿಯಾದ ನನ್ನನ್ನು ಕಾಡಿದ್ದು ಎರಡನೆಯದು.

ಅಪ್ಪನ ಕಾಲದ ಕಾರ್ಖಾನೆಗೆ ಎರಡು ಕಾಯ್ದೆಗಳ ಆಧಾರವಿತ್ತು. 1948ರ ಕಾರ್ಖಾನೆಗಳ ಕಾಯ್ದೆ ವಾರದ ದುಡಿಮೆಗೆ 48 ಗಂಟೆಗಳ ಮಿತಿ ಹಾಕಿ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಎಂದಿತು. 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಪ್ರಕಾರ ರಜೆ, ಪಾಳಿ, ಶಿಸ್ತುಕ್ರಮದಂಥ ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬರೆದು, ಬಾಗಿಲ ಬಳಿ ಬೋರ್ಡಿನಲ್ಲಿ ಹಾಕಬೇಕಿತ್ತು. ಅಪ್ಪ ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರಂತೆ. ಆದರೆ ರಜೆಯ ಮಾತು ಬಂದಾಗ, "ಸಾಹೇಬ್ರೇ, ಬೋರ್ಡಲ್ಲಿ ಹಿಂಗೈತಲ್ಲ" ಎನ್ನುತ್ತಿದ್ದರು. ಆ ವಿನಯದ ಹಿಂದೆ ಹಕ್ಕೊಂದು ಗಟ್ಟಿಯಾಗಿ ನಿಂತಿತ್ತು.

ಮುಂದೆ ಇದೇ ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ವಿಶಾಲ ತರಬೇತಿ ಕೇಂದ್ರ ಬಂತು. ಓದಿದ ಹುಡುಗ ಹುಡುಗಿಯರ ಕನಸು ಕಾರ್ಖಾನೆಯಿಂದ ಕ್ಯಾಂಪಸ್ಸಿಗೆ ಹೊರಳಿತು. 2015ರ ಜೂನ್‌ನಲ್ಲಿ ಆ ಕಂಪನಿ ಉಡುಪಿನ ಕಟ್ಟುಪಾಡನ್ನೂ ಸಡಿಲಿಸಿತು. ಐಟಿ ಕಚೇರಿಗಳಲ್ಲಿ ಟೈ ಹೋಯಿತು, ಸರ್ ಹೋಯಿತು. ಇದೇ ಅವಧಿಯಲ್ಲಿ ಇನ್ನೊಂದು ಸಂಗತಿಯೂ ಸದ್ದಿಲ್ಲದೆ ನಡೆದಿತ್ತು. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಸಂಸ್ಥೆಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಷರತ್ತುಬದ್ಧ ವಿನಾಯಿತಿ ಕೊಟ್ಟು, 2019ರಲ್ಲಿ ಅದನ್ನು ಮುಂದುವರಿಸಿತು. ಅಂದರೆ ಅಪ್ಪ ಬೆರಳು ಮಾಡಿ ತೋರಿಸುತ್ತಿದ್ದ ಬೋರ್ಡು ತಂಗಿಯ ಕಚೇರಿಗೆ ಕಡ್ಡಾಯವಾಗಿರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎದ್ದ ಚರ್ಚೆ ಬಹುಪಾಲು ಹಿರಿಯರ ಶ್ರದ್ಧೆ, ಕಿರಿಯರ ಸೋಮಾರಿತನ ಎಂಬ ಧಾಟಿಯಲ್ಲೇ ನಡೆಯಿತು. ನಮ್ಮ ಮನೆಯ ಹಿರಿಯರೋ 48 ಗಂಟೆಯ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟವರು. ಅದನ್ನು ಅವರು ಸೋಮಾರಿತನ ಎಂದುಕೊಳ್ಳಲಿಲ್ಲ, ನ್ಯಾಯ ಎಂದುಕೊಂಡರು. ಹೆಚ್ಚು ದುಡಿಯುತ್ತಿರುವವಳು ಕಿರಿಯಳು.

ಕಚೇರಿಗಳಿಗೂ ಅನ್ವಯಿಸುವ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ವಾರದ ಮಿತಿ 48 ಗಂಟೆಯೇ. ಇದನ್ನು ಹೇಳಿದಾಗ ತಂಗಿ ಬೆರಗಾದಳು. ಅಪ್ಪ ಮಾತ್ರ, "ನಿಮ್ಮಲ್ಲಿ ಇದನ್ನ ಎಲ್ಲಿ ಬರೆದು ಹಾಕಿದ್ದಾರಮ್ಮ?" ಎಂದು ಕೇಳಿದರು.

ಅವಳು ಫೋನಿನಲ್ಲಿ ಹುಡುಕತೊಡಗಿದಳು. ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಅವಳು ಮ್ಯಾನೇಜರನ್ನು ಹೆಸರು ಹಿಡಿದು ಕರೆಯುವ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ.